ಹಿಮವಿಲ್ಲದ ನಾಡಿನ ಹಿಮಗಣನೆ

ಹೈದರಾಬಾದಿನ ಪೂರ್ವ ಪಾರ್ಶ್ವದಲ್ಲಿರುವ ನಾಚಾರಂನಲ್ಲಿ ಪುಷ್ಯಮಾಸದ ಮುಂಜಾವಿನಲ್ಲಿಯೂ ತೆಳುವಾದೊಂದು ಮಂಜು ಕಾರ್ಖಾನೆಗಳ ಗೋಡೆಗಳ ಮೇಲೆ ಕ್ಷಣಕಾಲ ನಿಂತು, ಬಿಸಿಲೇರಿದೊಡನೆ ಅಳಿದುಹೋಗುವುದೇ ಹೊರತು, ಹಿಮಪಾತವೆಂಬುದನ್ನು ಇಲ್ಲಿಯ ಬಂಡೆಗಳಾಗಲಿ ಕೆರೆಗಳಾಗಲಿ ಕಂಡುವಲ್ಲ. ಆದರೂ ಹಿಮಾಲಯದಲ್ಲಿ ಈ ಚಳಿಗಾಲ ಎಷ್ಟು ಹಿಮ ಬಿದ್ದಿತು, ಅದು ಎಂದು ಕರಗೀತು, ಕರಗಿ ನದಿಗೆ ಎಷ್ಟು ನೀರಾದೀತು ಎಂಬುದನ್ನು ಗಣಿಸುವ ವಿದ್ಯೆಯೊಂದು ಇದೇ ನಗರದ ಬಾಲಾನಗರದಲ್ಲಿ ಬೆಳೆದುಬಂದಿದೆ. ಹಿಮಕ್ಕೂ ದಖ್ಖಣಕ್ಕೂ ಎತ್ತಣ ನಂಟು ಎಂದು ಕೇಳುವವರಿಗೆ, ಆ ನಂಟು ಬರಗಾಲದಿಂದ ಬಂದುದೆಂದೇ ಉತ್ತರ ಹೇಳಬೇಕಾಗುವುದು.

ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಮೈಸೂರು, ಬಳ್ಳಾರಿ, ಮುಂಬಯಿ ಕರ್ನಾಟಕ, ನಿಜಾಮರ ರಾಯಚೂರು ಸೀಮೆಗಳು ಮಳೆಯಿಲ್ಲದೆ ಬೆಂದುಹೋದುವು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, ಹೆಚ್ಚಬೇಕಾಗಿದ್ದ ಹತ್ತು ವರ್ಷಗಳ ತರುವಾಯ, ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಕ್ಷಾಮಕ್ಕೆ ಒಂದು ವರ್ಷ ಮೊದಲು, 1875ರಲ್ಲಿ, ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯ ಮುಂದೆ, ಅದಿನ್ನೂ ಕೂಸಾಗಿದ್ದಾಗಲೇ, ಮುಂಗಾರಿನ ಗತಿಯನ್ನು ಮುಂಚಿತವಾಗಿ ತಿಳಿಸಲಾದೀತೇ ಎಂಬ ದಾರುಣ ಪ್ರಶ್ನೆ ಬಂದು ನಿಂತಿತು.

ಇಲಾಖೆಯ ಮೊದಲ ಮುಖ್ಯಸ್ಥನಾದ ಹೆನ್ರಿ ಬ್ಲಾನ್‌ಫರ್ಡ್ ಉತ್ತರವನ್ನು ಅರಸಿದುದು ಕಡಲಿನ ಕಡೆಗಲ್ಲ, ಬೆಟ್ಟದ ಕಡೆಗೆ. ವಾಯವ್ಯ ಹಿಮಾಲಯದಲ್ಲಿ ಚಳಿಗಾಲದ ಕೊನೆಗೂ ವಸಂತದಲ್ಲೂ ಹಿಮವು ಮಿತಿಮೀರಿ ಬಿದ್ದ ವರ್ಷಗಳಲ್ಲಿ, ಒಣಗಿದ ಪಡುವಣ ಗಾಳಿ ಬಯಲುಗಳ ಮೇಲೆ ಬಹುಕಾಲ ಬೀಸಿ ಮುಂಗಾರು ತಡವಾಗುವುದೆಂಬುದನ್ನು ಗಮನಿಸಿ, ಆತನು 1884ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತನ್ನ ವಿಚಾರವನ್ನು ಮಂಡಿಸಿದನು. ಹಿಮದ ಬಿಳುಪು ಸೂರ್ಯಕಿರಣವನ್ನು ಹಿಂದಕ್ಕೆ ಕಳುಹುವುದು. ಉಳಿದ ಶಾಖದ ಬಹುಭಾಗವು ಹಿಮವನ್ನು ಕರಗಿಸುವುದರಲ್ಲಿಯೂ ತೊಯ್ದ ನೆಲವನ್ನು ಒಣಗಿಸುವುದರಲ್ಲಿಯೂ ವ್ಯಯವಾಗುವುದು. ಹೀಗೆ ಕಾಯಬೇಕಾದ ಭೂಮಿ ಕಾಯದೆ ಉಳಿದರೆ ಸಮುದ್ರದ ಮಾರುತವನ್ನು ಒಳಕ್ಕೆ ಸೆಳೆಯುವ ಶಕ್ತಿಯೂ ಕುಂದುವುದು. ಈ ತರ್ಕವನ್ನು ಆಧಾರವಾಗಿಟ್ಟುಕೊಂಡು 1886ರ ಜೂನ್ 4ರಂದು ಋತುಮಾನದ ಮೊದಲ ಕ್ರಮಬದ್ಧ ಮುನ್ಸೂಚನೆ ಪ್ರಕಟವಾಯಿತು.

ಹಿಮದ ಲೆಕ್ಕ ಪರ್ವತವಾಸಿಗಳಿಗೆ ಹೊಸದೇನೂ ಅಲ್ಲ. ನಮ್ಮ ರೈತನು ಮಳೆಯನ್ನು ರೋಹಿಣಿ, ಮೃಗಶಿರೆ, ಆರಿದ್ರೆಗಳೆಂದು ವಿಂಗಡಿಸಿರುವಂತೆ, ಕಾಶ್ಮೀರದ ಜನರು ಡಿಸೆಂಬರ್ 21ರ ಸುಮಾರಿಗೆ ಮೊದಲಾಗುವ ಚಳಿಯನ್ನು ನಲವತ್ತು ದಿನಗಳ ಚಿಲ್ಲಾಯಿ ಕಲಾನ್, ಇಪ್ಪತ್ತು ದಿನಗಳ ಚಿಲ್ಲಾಯಿ ಖುರ್ದ್, ಹತ್ತು ದಿನಗಳ ಚಿಲ್ಲಾಯಿ ಬಚ್ಚಾ ಎಂದು ಮೂರಾಗಿ ಎಣಿಸಿಕೊಂಡು ಬಂದಿದ್ದಾರೆ. ಮೊದಲ ನಲವತ್ತರಲ್ಲಿ ಬಿದ್ದ ಹಿಮ ಗಟ್ಟಿಯಾಗಿ ನಿಂತು ಬೇಸಗೆಯ ತೊರೆಗಳಿಗೆ ನೀರುಣಿಸುವುದೆಂಬುದು ಅವರ ಅನುಭವ. ಇಂತಹ ಅನುಭವವನ್ನು ಕೇವಲ ನಂಬಿಕೆಯೆಂದು ತಳ್ಳಿಹಾಕುವುದು ನನ್ನ ಮನಸ್ಸಿಗೆ ಒಪ್ಪದು. ಕಣಿವೆಯ ಹೊಲ ಅದನ್ನೇ ನಂಬಿ ಬದುಕಿದೆ.

ಬ್ಲಾನ್‌ಫರ್ಡನ ಸೂತ್ರವಾದರೋ ಬಹುಕಾಲ ಒಂಟಿಯಾಗಿ ನಿಲ್ಲಲಿಲ್ಲ. ಅವನ ಉತ್ತರಾಧಿಕಾರಿ ಜಾನ್ ಎಲಿಯಟ್ ಇತರ ಲಕ್ಷಣಗಳನ್ನೂ ಕೂಡಿಸಿಕೊಂಡನಾದರೂ, 1899ರಲ್ಲಿ ಒಳ್ಳೆಯ ಮಳೆಯನ್ನು ನಿರೀಕ್ಷಿಸಿದ ಮುನ್ಸೂಚನೆಯ ಹಿಂದೆಯೇ ಘೋರ ಅನಾವೃಷ್ಟಿ ಬಂದೊದಗಿತು. ಗಿಲ್ಬರ್ಟ್ ವಾಕರ್ 1909ರಲ್ಲಿ ರಚಿಸಿದ ಗಣಿತಸೂತ್ರದಲ್ಲಿ ಹಿಮಾಲಯದ ಹಿಮವು ಮಾರಿಷಸ್ ಹಾಗೂ ದಕ್ಷಿಣ ಅಮೆರಿಕದ ವಾಯುಭಾರ, ಜಂಜಿಬಾರಿನ ಮಳೆ ಎಂಬ ಮೂರು ದೂರದ ಸಾಕ್ಷಿಗಳ ಜೊತೆಗೆ ಕುಳಿತಿತು. ಹಿಮದ ಮಾತು ಅಲ್ಲಿಗೆ ಮುಗಿಯಲಿಲ್ಲ; 1976ರಲ್ಲಿ ಹಾನ್ ಮತ್ತು ಶುಕ್ಲಾ ಎಂಬ ವಿಜ್ಞಾನಿಗಳು ಉಪಗ್ರಹಗಳ ಚಿತ್ರಗಳಿಂದ, ಯುರೇಷ್ಯಾದ ವಿಶಾಲ ಹಿಮಾವರಣಕ್ಕೂ ಭಾರತದ ಮಳೆಗೂ ಇರುವ ವಿಲೋಮ ಸಂಬಂಧವನ್ನು ತೋರಿಸಿ ಹಳೆಯ ಚರ್ಚೆಗೆ ಹೊಸ ಜೀವ ಕೊಟ್ಟರು.

ಹೈದರಾಬಾದು ಈ ಕಥೆಯನ್ನು ಪ್ರವೇಶಿಸುವುದು ಸರಿಸುಮಾರು ಆ ಹೊತ್ತಿಗೇ. 1974ರಲ್ಲಿ ರೂಪುಗೊಂಡ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಬಾಲಾನಗರದಲ್ಲಿ ನೆಲೆಯೂರಿ, ನಗರದ ದಕ್ಷಿಣಕ್ಕಿರುವ ಶಾದ್‌ನಗರದಲ್ಲಿ ಉಪಗ್ರಹಗಳ ಸಂಕೇತಗಳನ್ನು ಹಿಡಿಯುವ ಕೇಂದ್ರವನ್ನು ಕಟ್ಟಿಕೊಂಡಿತು. ಸಟ್ಲೆಜ್ ನದಿ ಭಾಕ್ರಾ ಅಣೆಕಟ್ಟನ್ನು ಸೇರುವ ಮುನ್ನ ಹರಿದುಬರುವ ಜಲಾನಯನದ ಬಹುಭಾಗ ಟಿಬೆಟ್ಟಿನಲ್ಲಿ, ನಮ್ಮ ಹಿಮಮಾಪಕಗಳು ತಲುಪಲಾರದ ಎಡೆಯಲ್ಲಿ ಇರುವುದರಿಂದ, ಅಲ್ಲಿಯ ಹಿಮವನ್ನು ಆಕಾಶದಿಂದಲೇ ಅಳೆಯಬೇಕಾಗಿದ್ದಿತು. 1980ರ ದಶಕದಲ್ಲಿ ಇಲ್ಲಿಯ ವಿಜ್ಞಾನಿಗಳು ಅಮೆರಿಕದ ನೋವಾ ಉಪಗ್ರಹಗಳ ಚಿತ್ರಗಳಲ್ಲಿ ಹಿಮಾವೃತ ಕ್ಷೇತ್ರವನ್ನು ಗುರುತಿಸಿ, ಏಪ್ರಿಲಿನಿಂದ ಜೂನ್‌ವರೆಗೆ ಭಾಕ್ರಾಕ್ಕೆ ಬರಲಿರುವ ಕರಗುನೀರಿನ ಅಂದಾಜನ್ನು ನೀಡತೊಡಗಿದರು. ಮೋಡವೂ ಬಿಳಿ, ಹಿಮವೂ ಬಿಳಿ. ಒಂದೇ ಸ್ಥಳದ ಚಿತ್ರಗಳನ್ನು ದಿನದಿಂದ ದಿನಕ್ಕೆ ಹೋಲಿಸಿ, ಚಲಿಸಿದುದು ಮೋಡವೆಂದೂ ನಿಂತುದು ಹಿಮವೆಂದೂ ವಿವೇಚಿಸುವ ಆ ಸಹನೆಯ ಕೆಲಸ, ಅಣೆಕಟ್ಟು ಕಟ್ಟಿದವರ ಶ್ರಮದಷ್ಟೇ ಗೌರವಕ್ಕೆ ಅರ್ಹವೆಂದು ನಾನು ಎಣಿಸುತ್ತೇನೆ. 1995ರ ಡಿಸೆಂಬರಿನಲ್ಲಿ ಹಾರಿದ ನಮ್ಮದೇ ಐಆರ್‌ಎಸ್-1ಸಿ ಉಪಗ್ರಹವು ಹಿಮವನ್ನು ಕಪ್ಪಾಗಿಯೂ ಮೋಡವನ್ನು ಬೆಳ್ಳಗೂ ತೋರಿಸುವ ಅವಕೆಂಪು ಪಟ್ಟಿಯೊಂದನ್ನು ಹೊತ್ತೊಯ್ದ ಮೇಲೆ ಆ ಶ್ರಮ ಬಹಳವಾಗಿ ಹಗುರವಾಯಿತು. ಮುಂಗಾರು ಬರುವ ಮುನ್ನ ಜಲಾಶಯದಿಂದ ಎಷ್ಟು ನೀರನ್ನು ಪಂಜಾಬ, ಹರಿಯಾಣ, ರಾಜಸ್ಥಾನಗಳ ಕಾಲುವೆಗಳಿಗೆ ಬಿಡಬಹುದೆಂಬ ನಿರ್ಧಾರಕ್ಕೆ, ಹಿಮ ಬೀಳದ ಈ ಊರಿನಲ್ಲಿ ಕುಳಿತವರು ಹಾಕಿದ ಲೆಕ್ಕವೂ ಒಂದು ಆಧಾರವಾಗಿದೆ.