ಮನೆ ಶುಚಿಗೊಳಿಸುವ ಕ್ರಮ

ಜೇಡರ ಬಲೆ ತೆಗೆಯುವುದು, ಧೂಳು ಒರೆಸುವುದು, ಕಸ ಗುಡಿಸುವುದು, ನೆಲ ಒರೆಸುವುದು ಇಲ್ಲವೆ ಸಾರಿಸುವುದು, ಪಾತ್ರೆ ತೊಳೆಯುವುದು, ಬಚ್ಚಲು ಉಜ್ಜುವುದು ಮುಂತಾದ ಮನೆಗೆಲಸಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಏರ್ಪಾಡಿಗೆ ಶುಚಿಕಾರ್ಯದ ಕ್ರಮ ಎನ್ನಬಹುದು. ಇದು ಅವರವರ ಮನೆಯ ರೂಢಿ, ಇದರಲ್ಲಿ ಸರಿ ತಪ್ಪು ಏನಿದೆ ಎಂದು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಆದರೆ ಕೊಳೆ ಇದ್ದಲ್ಲೇ ಇರುವುದಿಲ್ಲ. ಮೇಲಿನಿಂದ ಕೆಳಕ್ಕೆ ಉದುರುತ್ತದೆ, ಪೊರಕೆಯ ಬೀಸಿಗೆ ಮೇಲೇಳುತ್ತದೆ, ಒದ್ದೆ ಬಟ್ಟೆಗೆ ಅಂಟಿಕೊಂಡು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತದೆ. ಅದು ಹೋಗುವ ದಾರಿ ಹಿಡಿದೇ ಕೆಲಸವೂ ಹೋದರೆ ಒಂದು ಸಲಕ್ಕೆ ಮುಗಿಯುತ್ತದೆ. ಎದುರು ದಾರಿ ಹಿಡಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ. ಹಾಗಾಗಿ ಕ್ರಮವನ್ನು ರೂಢಿಯಿಂದಲ್ಲ, ಕೊಳೆಯ ನಡೆಯಿಂದ ಅಳೆಯುವುದು ನ್ಯಾಯ.

ಮೇಲಿನಿಂದ ಕೆಳಕ್ಕೆ ಎಂಬುದು ಇದರ ಮೊದಲ ಸೂತ್ರ. ಕನ್ನಡನಾಡಿನ ಹಬ್ಬದ ಮುಂಚಿನ ಕೆಲಸದಲ್ಲಿ ಇದು ಹಿಂದಿನಿಂದಲೂ ಇದೆ. ಯುಗಾದಿಗೋ ದೀಪಾವಳಿಗೋ ಹಳ್ಳಿಯ ಮನೆಯಲ್ಲಿ ಮೊದಲು ಅಟ್ಟದ ಸಾಮಾನು ಕೆಳಗಿಳಿಯುತ್ತದೆ; ಉದ್ದ ಕೋಲಿಗೆ ಪೊರಕೆ ಕಟ್ಟಿ ಜಂತೆ, ತೊಲೆಗಳ ಇಲ್ಲಣ ತೆಗೆಯುತ್ತಾರೆ; ಆಮೇಲೆ ಗೋಡೆಗೆ ಸುಣ್ಣ; ಎಲ್ಲ ಮುಗಿದ ಮೇಲೆ ನೆಲ. ಈ ಸಾಲನ್ನು ಯಾರೂ ತಿರುಗುಮುರುಗು ಮಾಡುವುದಿಲ್ಲ, ಏಕೆಂದರೆ ಮಸಿಯೂ ಸುಣ್ಣದ ಹನಿಯೂ ಬೀಳುವುದು ನೆಲಕ್ಕೇ. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು ಸೌಕರ್ಯ ಕಡಿಮೆಯಿರುವ ಆಸ್ಪತ್ರೆಗಳಿಗಾಗಿ 2019ರಲ್ಲಿ ಹೊರತಂದ ಕೈಪಿಡಿಯೂ ಇದನ್ನೇ ಹೇಳುತ್ತದೆ: ಎತ್ತರದಿಂದ ತಗ್ಗಿಗೆ, ಕಡಿಮೆ ಕೊಳೆಯಿಂದ ಹೆಚ್ಚು ಕೊಳೆಗೆ. ಇಂದಿನ ಮನೆಯಲ್ಲಿ ಜಂತೆಯ ಜಾಗಕ್ಕೆ ಫ್ಯಾನು ಬಂದಿದೆ. ಅದರ ರೆಕ್ಕೆಯ ಮುಂಚೂಣಿ ಅಂಚಿನಲ್ಲಿ ಕಪ್ಪು ಗೆರೆಯಂತೆ ಕೂರುವ ಧೂಳು, ಅಡುಗೆಮನೆಯ ಹತ್ತಿರವಾದರೆ ಎಣ್ಣೆ ಹಬೆ ಸೇರಿ ಮೇಣದಂತೆ ಗಟ್ಟಿಯಾಗಿರುತ್ತದೆ. ಹಳೆಯ ದಿಂಬಿನ ಚೀಲವನ್ನು ರೆಕ್ಕೆಗೆ ತೊಡಿಸಿ, ಒತ್ತಿ ಹಿಡಿದು ನಿಧಾನವಾಗಿ ಹಿಂದಕ್ಕೆ ಎಳೆದರೆ ಧೂಳು ಚೀಲದೊಳಗೇ ಉಳಿಯುತ್ತದೆ. ಹಾಗೆ ಮಾಡದೆ ಕೋಲಿನಿಂದ ಹೊಡೆದರೆ ಅದು ಹಾಸಿಗೆ, ಮೇಜು, ನೆಲ ಮೂರರ ಮೇಲೂ ಹರಡುತ್ತದೆ.

ನಿಜವಾದ ಜಗಳ ಇರುವುದು ಧೂಳು ಒರೆಸುವುದು ಮೊದಲೋ, ಕಸ ಗುಡಿಸುವುದು ಮೊದಲೋ ಎಂಬಲ್ಲಿ. ಮೇಲಿನ ಸೂತ್ರದ ಪ್ರಕಾರ ಧೂಳು ಒರೆಸುವುದು ಮೊದಲು. ಆದರೆ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಮನೆವಾರ್ತೆಯ ಪುಸ್ತಕಗಳು ತದ್ವಿರುದ್ಧವಾಗಿ ಹೇಳುತ್ತಿದ್ದವು: ಮೊದಲು ಗುಡಿಸಿ, ಎದ್ದ ಧೂಳು ಕೂತ ಮೇಲೆ ಒರೆಸಿ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಗುಡಿಸುವಾಗ ಏಳುವ ಧೂಳು ಕಪಾಟಿನ ಮೇಲೆ ಮತ್ತೆ ಕೂರುತ್ತದೆ ಎಂಬುದು ಸತ್ಯ. ದ್ರವ ಇಲ್ಲವೆ ಗಾಳಿಯಲ್ಲಿ ಕಣ ಇಳಿಯುವ ವೇಗವನ್ನು ಲೆಕ್ಕ ಹಾಕಲು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ನಿಯಮವನ್ನು ಅನ್ವಯಿಸಿದರೆ, ನೀರಿನಷ್ಟು ಸಾಂದ್ರತೆಯ 10 ಮೈಕ್ರಾನ್ ಗಾತ್ರದ ಕಣವೊಂದು ಅಲುಗದ ಗಾಳಿಯಲ್ಲಿ ಒಂದೂವರೆ ಮೀಟರ್ ಇಳಿಯಲು ಸುಮಾರು 8 ನಿಮಿಷ ಬೇಕು. 1 ಮೈಕ್ರಾನಿನ ಕಣಕ್ಕೆ ಹತ್ತಿರ ಹತ್ತಿರ 12 ಗಂಟೆ. ಅಂದರೆ ಧೂಳು ಕೂತ ಮೇಲೆ ಒರೆಸುತ್ತೇವೆ ಎಂದು ಕಾದು ಕೂತರೆ ದಪ್ಪ ಧೂಳಿಗಷ್ಟೇ ಪ್ರಯೋಜನ. ನಯವಾದದ್ದು ಸಂಜೆಯವರೆಗೂ ಗಾಳಿಯಲ್ಲೇ ಇರುತ್ತದೆ. ಆದ್ದರಿಂದ ಕ್ರಮವನ್ನು ಬದಲಿಸುವುದಕ್ಕಿಂತ ಧೂಳು ಏಳದಂತೆ ನೋಡಿಕೊಳ್ಳುವುದೇ ಸರಿಯಾದ ಉತ್ತರ. ಅಂಗಳ ಗುಡಿಸುವ ಮೊದಲು ನೀರು ಚಿಮುಕಿಸುವುದು ಇದಕ್ಕೇ. ಆ ಇಂಗ್ಲಿಷ್ ಮನೆಗಳಲ್ಲಿ ಜಮಖಾನೆಯ ಮೇಲೆ ಒದ್ದೆ ಚಹಾ ಚರಟ ಹರಡಿ ಗುಡಿಸುತ್ತಿದ್ದುದೂ ಇದಕ್ಕೇ. ಒಳಗೆ ಕಪಾಟು, ಕಿಟಕಿಗಳನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಫ್ಯಾನು ನಿಲ್ಲಿಸಿ, ಹುಲ್ಲಿನ ಪೊರಕೆಯನ್ನು ನೆಲಕ್ಕೆ ತಾಗಿಸಿಕೊಂಡೇ ಎಳೆದರೆ ಆ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ. ಮಣ್ಣಿನ ನೆಲವಿದ್ದು ಏನು ಮಾಡಿದರೂ ಧೂಳು ಏಳುತ್ತದೆ ಎನ್ನುವ ಮನೆಯಲ್ಲಿ ಮಾತ್ರ ಗುಡಿಸಿದ ಮೇಲೆ ಒರೆಸುವುದು ಸರಿ.

ಒಣಗೆಲಸ ಮುಗಿಯುವ ತನಕ ನೆಲಕ್ಕೆ ನೀರು ತಾಗಬಾರದು. ಒದ್ದೆ ನೆಲದ ಮೇಲೆ ಬಿದ್ದ ಧೂಳು ಕೆಸರಾಗಿ, ಒಣಗಿದ ಮೇಲೆ ಗೆರೆಗೆರೆಯಾಗಿ ಕಾಣುತ್ತದೆ. ಒಳಮೂಲೆಯಿಂದ ಆರಂಭಿಸಿ, ಬಕೆಟ್ಟನ್ನು ಬೆನ್ನ ಹಿಂದೆ ಸರಿಸುತ್ತ ಬಾಗಿಲ ಕಡೆಗೆ ಬರಬೇಕು.

ನೆನೆಯಬೇಕಾದ ಕೆಲಸಗಳು ಮಾತ್ರ ಈ ಸಾಲಿಗೆ ಹೊರತು. ಜರ್ಮನಿಯ ಮಾರ್ಜಕ ತಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಮುಂದಿಟ್ಟ ವಿವರಣೆಯಂತೆ ತೊಳೆಯುವ ಕೆಲಸದಲ್ಲಿ ನಾಲ್ಕು ಅಂಶಗಳಿವೆ: ರಾಸಾಯನಿಕ, ಉಜ್ಜುವ ಬಲ, ಬಿಸಿ, ಸಮಯ. ಒಂದನ್ನು ಕಡಿಮೆ ಮಾಡಿದರೆ ಮತ್ತೊಂದನ್ನು ಹೆಚ್ಚಿಸಬೇಕು. ಮುದ್ದೆ ಮಾಡಿದ ಪಾತ್ರೆಯನ್ನು ನೋಡಿದರೆ ಇದು ತಿಳಿಯುತ್ತದೆ. ತಳಕ್ಕೆ ಹತ್ತಿದ ಹಿಟ್ಟು ಒಣಗಿದರೆ ತೆಂಗಿನ ನಾರಿಗೂ ಜಗ್ಗುವುದಿಲ್ಲ. ಮುದ್ದೆ ತೆಗೆದ ಕೂಡಲೇ ನೀರು ತುಂಬಿಟ್ಟರೆ ಸ್ವಲ್ಪ ಹೊತ್ತಿಗೆ ಹಿಟ್ಟು ಊದಿ, ಸಿಪ್ಪೆಯಂತೆ ತಾನೇ ಎದ್ದುಬರುತ್ತದೆ. ಇಲ್ಲಿ ತೋಳಿನ ಬಲದ ಕೆಲಸವನ್ನು ಸಮಯ ಮಾಡಿತು. ಹಾಗಾಗಿ ಪಾತ್ರೆಗೆ ನೀರು, ಬಟ್ಟೆಗೆ ಸೋಪಿನ ಪುಡಿ, ಕಕ್ಕಸಿನ ಬೋಗುಣಿಗೆ ಕ್ಲೀನರ್ ಹಾಕಿಟ್ಟು ಬಲೆ ತೆಗೆಯಲು ಹೊರಡುವುದು ಜಾಣತನ. ಗುಡಿಸಿ ಬರುವಷ್ಟರಲ್ಲಿ ಅವು ಅರ್ಧ ಕೆಲಸ ಮುಗಿಸಿರುತ್ತವೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಕಕ್ಕಸಿನ ಕ್ಲೀನರುಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದರ ಜೊತೆ ಬ್ಲೀಚಿಂಗ್ ಪುಡಿ ಇಲ್ಲವೆ ಬ್ಲೀಚ್ ದ್ರಾವಣ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಒಂದರ ಬೆನ್ನಿಗೆ ಇನ್ನೊಂದನ್ನೂ ಹಾಕಬಾರದು. ಬ್ಲೀಚ್ ಬಳಸುವುದಾದರೂ ಕೊಳೆ ತೊಳೆದ ಮೇಲೆಯೇ ಬಳಸಬೇಕು. ಕೊಳೆಯಿದ್ದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚಾಗಿ ರೋಗಾಣುಗಳಿಗೆ ಏನೂ ಉಳಿಯುವುದಿಲ್ಲ.

ಬಚ್ಚಲು ಮತ್ತು ಕಕ್ಕಸು ಕೊನೆಗೆ ಬರಬೇಕಾದದ್ದು ಬಟ್ಟೆ ಮತ್ತು ನೀರಿನ ಕಾರಣಕ್ಕೆ. ದೇವರಮನೆ, ಅಡುಗೆಮನೆ, ಮಲಗುವ ಕೋಣೆ, ಆಮೇಲೆ ಬಚ್ಚಲು ಎಂಬ ಸಾಲಿನಲ್ಲಿ ಹೋದರೆ ಕೊಳೆ ಹಿಂದಕ್ಕೆ ಬರುವುದಿಲ್ಲ. ನಳದ ನೀರು ದಿನ ಬಿಟ್ಟು ದಿನ ಬರುವ ಕಡೆ ಈ ಸಾಲು ನೀರನ್ನೂ ಉಳಿಸುತ್ತದೆ: ಬಟ್ಟೆ ಜಾಲಿಸಿದ ಕೊನೆಯ ನೀರು ಬಚ್ಚಲು ತೊಳೆಯಲು ಸಾಕು.

ಇದಕ್ಕೆ ಆಕ್ಷೇಪಗಳಿವೆ. ಬೆಳಗ್ಗೆ ಎದ್ದ ಕೂಡಲೇ ಅಂಗಳ ಗುಡಿಸಿ, ನೀರು ಹಾಕಿ, ಹೊಸ್ತಿಲು ತೊಳೆದು ರಂಗೋಲಿ ಇಡುವ ಪದ್ಧತಿಯಲ್ಲಿ ಅತಿ ಹೊರಗಿನ, ಅತಿ ಕೆಳಗಿನ ಜಾಗವೇ ಮೊದಲಾಯಿತಲ್ಲ ಎಂದು ಕೇಳಬಹುದು. ಆದರೆ ಮನೆಯೊಳಗಿನ ಧೂಳಿನಲ್ಲಿ ಹೊರಗಿನಿಂದ ಕಾಲಿಗೆ ಅಂಟಿ ಬಂದ ಮಣ್ಣಿನ ಪಾಲೂ ದೊಡ್ಡದು. ಅಂಗಳವನ್ನು ಮೊದಲು ತಣಿಸಿದರೆ ಒಳಬರುವ ಧೂಳಿನ ಮೂಲವೇ ಕಡಿಮೆಯಾಗುತ್ತದೆ. ಒಳಗಿನ ಕಸವನ್ನು ರಂಗೋಲಿಯ ಮೇಲೆ ತಳ್ಳದೆ ಬಾಗಿಲ ಬಳಿ ಮೊರಕ್ಕೆ ತುಂಬಿಕೊಂಡರೆ ಪದ್ಧತಿಗೂ ಸೂತ್ರಕ್ಕೂ ವಿರೋಧವಿಲ್ಲ. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ: ಕೆಲಸಕ್ಕೆ ಹೋಗುವವರಿಗೆ, ಎಳೆಮಕ್ಕಳಿರುವವರಿಗೆ ಇಡೀ ಸಾಲು ಮುಗಿಸುವಷ್ಟು ಬಿಡುವೆಲ್ಲಿ? ಇದು ನ್ಯಾಯವಾದ ಮಾತು. ಅರ್ಧ ಗಂಟೆಯಷ್ಟೇ ಇದ್ದಾಗ ಎತ್ತರ ತಗ್ಗಿನ ಲೆಕ್ಕ ಬಿಟ್ಟು ಅಡುಗೆಮನೆಗೆ ಹೋಗಬೇಕು. ಫ್ಯಾನಿನ ಧೂಳು ಒಂದು ವಾರ ಕಾಯುತ್ತದೆ. ಕಟ್ಟೆಯ ಮೇಲಿನ ಅನ್ನದ ಅಗುಳಿಗೆ ರಾತ್ರಿಯೇ ಇರುವೆ, ಜಿರಳೆ ಬರುತ್ತವೆ. ಆದರೆ ಆ ಅಡುಗೆಮನೆಯೊಳಗೂ ಕಟ್ಟೆ ಮೊದಲು, ನೆಲ ಆಮೇಲೆ.

ಈ ವಿಷಯ ಕ್ಷುಲ್ಲಕವಲ್ಲ. ಭಾರತದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅಡುಗೆಯೂ ಸೇರಿ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಕ್ರಮ ತಪ್ಪಿ ಎರಡನೇ ಸಲ ಗುಡಿಸಿದ ಹೊತ್ತೂ ಆ 299ರಲ್ಲೇ ಸೇರಿದೆ. ಬಲೆ ತೆಗೆಯುವ ಕೋಲನ್ನು ಮನೆಯ ಗಂಡಸರು ಕೈಗೆತ್ತಿಕೊಂಡು, ಪಾತ್ರೆ ನೆನೆಯುವಷ್ಟರಲ್ಲಿ ಮೇಲಿನ ಕೆಲಸ ಮುಗಿಸಿಕೊಡಲಿ.