ಮೇಜಿನ ಮೇಲೆ ಕೂತ ದೂರದರ್ಶಕ

ನಾನು ಕೊಂಡ ಮೊದಲ ಟೆಲಿಸ್ಕೋಪಿನ ಪೆಟ್ಟಿಗೆಯ ಮೇಲೆ '525 ಪಟ್ಟು' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆ ಸಂಖ್ಯೆ ನೋಡಿಯೇ ದುಡ್ಡು ಕೊಟ್ಟಿದ್ದೆ. ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ ಅದರ ಮೂರು ತೆಳು ಕಾಲುಗಳನ್ನು ನಿಲ್ಲಿಸಿ ಅಪ್ಪನನ್ನು ಕರೆದೆ. ಮಂಡಿನೋವಿನ ಅಪ್ಪ ಮೆಟ್ಟಿಲು ಹತ್ತಿ ಬಂದು, ಬಗ್ಗಿ ಕಣ್ಣಿಟ್ಟರು. ಸಣ್ಣ ಗಾಳಿಗೂ ಕೊಳವೆ ನಡುಗುತ್ತಿತ್ತು. ಗುರುಗ್ರಹ ಮಿಂಚುಹುಳದಂತೆ ಒಮ್ಮೆ ಆಚೆ ಒಮ್ಮೆ ಈಚೆ ಹಾರಿ ಮಾಯವಾಯಿತು. "ಇರಲಿ ಬಿಡು, ಚೆನ್ನಾಗಿದೆ" ಎಂದು ಅಪ್ಪ ಇಳಿದುಹೋದರು. ಏನೂ ಕಂಡಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ತಪ್ಪಿದ್ದು ಎಲ್ಲಿ ಎಂದು ಹುಡುಕುತ್ತಾ ದೂರದರ್ಶಕದ ಚರಿತ್ರೆ ಓದತೊಡಗಿದೆ. ನನ್ನ ತಪ್ಪು ನನಗಿಂತ ತುಂಬಾ ಹಳೆಯದು ಎಂದು ಆಗ ಗೊತ್ತಾಯಿತು. 17ನೇ ಶತಮಾನದ ಮಸೂರಗಳಲ್ಲಿ ನಕ್ಷತ್ರದ ಸುತ್ತ ಬಣ್ಣದ ಅಂಚು ಕಾಣುತ್ತಿತ್ತು. ಅದನ್ನು ತಗ್ಗಿಸಲು ಇದ್ದ ದಾರಿ ಒಂದೇ: ದೂರದರ್ಶಕವನ್ನು ಉದ್ದ ಮಾಡುತ್ತಾ ಹೋಗುವುದು. ಡಾನ್‌ಜಿಗ್ ನಗರದ ಹೆವೀಲಿಯಸ್ 150 ಅಡಿ ಉದ್ದದ ದೂರದರ್ಶಕವನ್ನೇ ಕಂಬಕ್ಕೆ ಹಗ್ಗ ಕಟ್ಟಿ ಎತ್ತಿಸಿದ. ಗಾಳಿ ಬಂದರೆ ಅದೂ ಅಲ್ಲಾಡುತ್ತಿತ್ತು.

1668ರಲ್ಲಿ ಕೇಂಬ್ರಿಜ್‌ನಲ್ಲಿದ್ದ 25ರ ಹರೆಯದ ಐಸಾಕ್ ನ್ಯೂಟನ್ ಬೇರೆ ದಾರಿ ಹಿಡಿದ. ಮಸೂರದ ಬದಲು ಕನ್ನಡಿಯಿಂದ ಬೆಳಕು ಕೂಡಿಸಿದರೆ ಬಣ್ಣದ ತೊಂದರೆಯೇ ಇಲ್ಲ. ಇದನ್ನು ಸ್ಕಾಟ್‌ಲೆಂಡಿನ ಜೇಮ್ಸ್ ಗ್ರೆಗರಿ 1663ರಲ್ಲೇ ಪುಸ್ತಕದಲ್ಲಿ ವಿವರಿಸಿದ್ದ. ಆದರೆ ಅಂಥ ಕನ್ನಡಿಯನ್ನು ಸರಿಯಾಗಿ ಉಜ್ಜಿಕೊಡುವವರು ಅವನಿಗೆ ಸಿಗಲಿಲ್ಲ. ನ್ಯೂಟನ್ ತಾನೇ ತಾಮ್ರ, ತವರ ಕೂಡಿಸಿ ಎರಕ ಹೊಯ್ದು, ತಾನೇ ಉಜ್ಜಿ ಹೊಳಪು ಕೊಟ್ಟ. ಅವನ ಮೊದಲ ಉಪಕರಣದ ಉದ್ದ ಸುಮಾರು 6 ಅಂಗುಲ, ವರ್ಧನೆ ಸುಮಾರು 40 ಪಟ್ಟು. ಅದರಲ್ಲೇ ಗುರುವಿನ ಚಂದ್ರರನ್ನೂ ಶುಕ್ರನ ಕೊಂಬಿನಾಕಾರವನ್ನೂ ಕಂಡ. 1671ರ ಕೊನೆಗೆ ಇನ್ನೊಂದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ಮರದ ಗುಂಡಿನ ಮೇಲೆ ಕೂತು ಬೇಕಾದ ಕಡೆ ತಿರುಗುವ ಪುಟ್ಟ ಕೊಳವೆ ಅದು. ಜಗತ್ತಿನ ಮೊದಮೊದಲ ಪ್ರತಿಫಲನ ದೂರದರ್ಶಕ ಮೇಜಿನ ಮೇಲಿಡುವಂಥದ್ದೇ ಆಗಿತ್ತು!

ಆದರೂ ಕನ್ನಡಿಯ ಕಾಲ ಬೇಗ ಬರಲಿಲ್ಲ. ಲೋಹ ಬಲುಬೇಗ ಮಸುಕಾಗುತ್ತಿತ್ತು. ಮತ್ತೆ ಉಜ್ಜಿದರೆ ಆಕಾರ ಕೆಡುವ ಭಯ. 1721ರಲ್ಲಿ ಜಾನ್ ಹ್ಯಾಡ್ಲಿ ಸುಮಾರು 6 ಅಂಗುಲ ಅಗಲದ ಕನ್ನಡಿಯನ್ನು ಚೆನ್ನಾಗಿ ಉಜ್ಜಿ, ಆರಡಿ ಉದ್ದದ ಉಪಕರಣವೂ 123 ಅಡಿಯ ಮಸೂರ ದೂರದರ್ಶಕಕ್ಕೆ ಸಾಟಿಯಾಗಬಲ್ಲದು ಎಂದು ತೋರಿಸಿದ. 1781ರಲ್ಲಿ ಬಾತ್ ಊರಿನ ಸಂಗೀತಗಾರ ವಿಲಿಯಂ ಹರ್ಷೆಲ್ ತನ್ನ ಮನೆಯಲ್ಲೇ ಮಾಡಿಕೊಂಡ ಕನ್ನಡಿಯಿಂದ ಯುರೇನಸ್ ಕಂಡ. ಅವನು ಗಂಟೆಗಟ್ಟಲೆ ಕೈ ತೆಗೆಯದೆ ಉಜ್ಜುವಾಗ ತಂಗಿ ಕ್ಯಾರೊಲಿನ್ ಬಾಯಿಗೆ ತುತ್ತು ಇಡುತ್ತಿದ್ದಳು. 1850ರ ದಶಕದಲ್ಲಿ ಫ್ರಾನ್ಸಿನ ಫುಕೋ ಮುಂತಾದವರು ಗಾಜಿನ ಮೇಲೆ ತೆಳುವಾಗಿ ಬೆಳ್ಳಿ ಲೇಪಿಸುವುದನ್ನು ರೂಢಿಗೆ ತಂದ ಮೇಲೆ ಈ ಕಷ್ಟ ಹಗುರಾಯಿತು. ಲೇಪ ಮಾಸಿದರೆ ಅದನ್ನಷ್ಟೇ ಬದಲಿಸಿದರಾಯಿತು, ಗಾಜಿನ ಆಕಾರ ಹಾಗೇ ಉಳಿಯುತ್ತದೆ.

ಕನ್ನಡಿಯ ಸಮಸ್ಯೆ ಬಗೆಹರಿಯಿತು. ಕಾಲಿನ ಸಮಸ್ಯೆ ಉಳಿದಿತ್ತು. ಅದಕ್ಕೆ ಅಗ್ಗದ ಉತ್ತರ ಕೊಟ್ಟವರು ಒಬ್ಬ ಸನ್ಯಾಸಿ. ಬೀಜಿಂಗ್‌ನಲ್ಲಿ ಹುಟ್ಟಿದ ಅಮೆರಿಕನ್ ಜಾನ್ ಡಾಬ್ಸನ್ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠ ಸೇರಿದರು. ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ಹಳೇ ದಪ್ಪ ಗಾಜು ಉಜ್ಜಿ ಕನ್ನಡಿ ಮಾಡಿಕೊಂಡರು. ಕೊಳವೆಗೆ ರಟ್ಟು, ಕೂರಿಸಲು ಪ್ಲೈವುಡ್ ಪೆಟ್ಟಿಗೆ. ಪೆಟ್ಟಿಗೆ ಎಡಕ್ಕೆ ಬಲಕ್ಕೆ ತಿರುಗುತ್ತದೆ, ಕೊಳವೆ ಮೇಲೆ ಕೆಳಗೆ ಆಡುತ್ತದೆ, ಅಷ್ಟೇ. ಅದನ್ನು ಬೀದಿಗೆ ತಂದು ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಿದ್ದರು. ಈ ಹುಚ್ಚು ಮಠದ ಬದುಕಿಗೆ ಹೊಂದಲಿಲ್ಲ. 1967ರಲ್ಲಿ ಅವರು ಮಠ ಬಿಡಬೇಕಾಯಿತು. ಮರುವರ್ಷವೇ ಸಂಗಡಿಗರೊಂದಿಗೆ ಪಾದಚಾರಿ ದಾರಿಯ ಖಗೋಳವೀಕ್ಷಕರ ತಂಡ ಶುರುವಾಯಿತು. ಆ ಪೆಟ್ಟಿಗೆಯ ಪೀಠಕ್ಕೆ ಇಂದು ಅವರದೇ ಹೆಸರು: ಡಾಬ್ಸೋನಿಯನ್.

ಗೆಲಿಲಿಯೋ ಆಕಾಶಕ್ಕೆ ದೂರದರ್ಶಕ ಹಿಡಿದ 400ನೇ ವರ್ಷವೆಂದು 2009ನ್ನು ಅಂತರರಾಷ್ಟ್ರೀಯ ಖಗೋಳ ವರ್ಷವಾಗಿ ಆಚರಿಸಿದಾಗ, ಈ ಪೀಠವನ್ನೇ ಚಿಕ್ಕದು ಮಾಡಿದ 76 ಮಿಲಿಮೀಟರ್ ಕನ್ನಡಿಯ ಮೇಜಿನ ದೂರದರ್ಶಕಗಳು ಮಾರುಕಟ್ಟೆಗೆ ಬಂದವು. ನನ್ನ ಎರಡನೆಯ ಟೆಲಿಸ್ಕೋಪು ಅಂಥದ್ದೇ.

ಈ ಸಲ ಪೆಟ್ಟಿಗೆಯ ಮೇಲಿನ ಪಟ್ಟಿನ ಲೆಕ್ಕ ನೋಡಲಿಲ್ಲ. ಮೊದಲು ಕನ್ನಡಿಯ ಅಗಲ ಕೇಳಿದೆ. 76 ಮಿಲಿಮೀಟರ್ ಕನ್ನಡಿ ನಮ್ಮ ಬರಿಗಣ್ಣಿಗಿಂತ ಸುಮಾರು 100 ಪಟ್ಟು ಹೆಚ್ಚು ಬೆಳಕು ಕೂಡಿಸುತ್ತದೆ. ಕೈಗೆಟುಕಿದರೆ 114 ಅಥವಾ 130 ಇನ್ನೂ ಒಳ್ಳೆಯದು. ವರ್ಧನೆಯ ಲೆಕ್ಕ ಸುಲಭ: ಕನ್ನಡಿಯ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಬೇಕು. 300ನ್ನು 20ರಿಂದ ಭಾಗಿಸಿದರೆ 15 ಪಟ್ಟು, 10ರಿಂದ ಭಾಗಿಸಿದರೆ 30. ಕನ್ನಡಿಯ ಪ್ರತಿ ಮಿಲಿಮೀಟರಿಗೆ 2 ಪಟ್ಟು ಎಂಬುದು ಹೆಚ್ಚೆಂದರೆ ಸಿಗುವ ಮಿತಿ. ಕನ್ನಡಿ ಪರವಲಯಾಕಾರದ್ದೋ ಗೋಳಾಕಾರದ್ದೋ ಎಂದೂ ಕೇಳಬೇಕು. ಕಡಿಮೆ ನಾಭಿದೂರದ ಗೋಳ ಕನ್ನಡಿಯಲ್ಲಿ ಬಿಂಬ ಆ ಮಿತಿಗಿಂತ ಬಹಳ ಮೊದಲೇ ಮಸುಕಾಗುತ್ತದೆ.

ಬಳಸುವುದರಲ್ಲೂ ಒಂದಿಷ್ಟು ಕಲಿಯಬೇಕಾಯಿತು. ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟರೆ ಮತ್ತೆ ಹಳೇ ನಡುಕವೇ. ತಾರಸಿಯ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟೆ, ಅಲುಗಾಡಲಿಲ್ಲ. ಒಳಗಿನಿಂದ ತಂದ ಕನ್ನಡಿ ಹೊರಗಿನ ತಂಪಿಗೆ ಹೊಂದಲು ಅರ್ಧ ಗಂಟೆ ಬಿಡಬೇಕು. ಬಿಂಬ ತಲೆಕೆಳಗಾಗಿ ಕಂಡರೆ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ಚಂದ್ರನನ್ನು ಹುಣ್ಣಿಮೆಗಿಂತ ಅಷ್ಟಮಿಯ ಸುಮಾರಿಗೆ ನೋಡಬೇಕು. ಬೆಳಕು ಕತ್ತಲೆ ಕೂಡುವ ಗೆರೆಯಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬಾರದು. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ.

ಅಪ್ಪನನ್ನು ಮತ್ತೆ ಮೇಲೆ ಕರೆತರಲು ಎರಡು ದಿನ ಬೇಕಾಯಿತು. ಕಲ್ಲಿನ ಪಕ್ಕ ಮಣೆ ಹಾಕಿ ಕೂರಿಸಿದೆ. ಬಗ್ಗುವ ಕಷ್ಟವಿಲ್ಲ, ಕಣ್ಣು ನೇರ ಐಪೀಸಿಗೆ. 30 ಪಟ್ಟು ಮಾತ್ರ. ಬಹಳ ಹೊತ್ತು ಸುಮ್ಮನೆ ನೋಡಿ, "ಪಕ್ಕದಲ್ಲಿ ಸಾಲಾಗಿ ನಾಲ್ಕು ಚುಕ್ಕಿ ಇವೆಯಲ್ಲ, ಏನವು?" ಅಂದರು. ಗುರುವಿನ ಚಂದ್ರರು, ನಾಳೆ ಹೊತ್ತಿಗೆ ಜಾಗ ಬದಲಿಸಿರುತ್ತವೆ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಮರುದಿನ ಸಂಜೆ ನಾನು ಕೆಲಸದಿಂದ ಬಂದಾಗ ಅಪ್ಪ ಒಳಗಿರಲಿಲ್ಲ. ತಾರಸಿಗೆ ಹೋದರೆ, ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. "ಆಗಲೇ ಅರ್ಧ ಗಂಟೆಯಾಯ್ತು ಹೊರಗಿಟ್ಟು" ಅಂದರು.