ಮಸ್ಕಿ ರಣರಂಗದಲ್ಲಿ ಗೆದ್ದವರು ಯಾರು?

ಸಿಂಧನೂರಿನ ಭತ್ತದ ಗದ್ದೆಗಳನ್ನು ದಾಟಿ, ಹಳೇ ರಣರಂಗವೊಂದನ್ನು ಹುಡುಕಿಕೊಂಡು ಬೈಕಲ್ಲಿ ಮಸ್ಕಿಗೆ ಬಂದಿದ್ದೀನಿ.

ಸುಮಾರು 1020ರಲ್ಲಿ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹ ಮುಶಂಗಿಯಲ್ಲಿ ಬೆನ್ನು ತೋರಿಸಿ ಓಡಿದ ಅಂತ ರಾಜೇಂದ್ರ ಚೋಳನ ಶಾಸನ ಹೇಳುತ್ತೆ. ಆ ಮುಶಂಗಿಯೇ ಮಸ್ಕಿ ಅನ್ನೋದು ಹಲವು ಇತಿಹಾಸಕಾರರ ಅಭಿಪ್ರಾಯ. ಜಗಳ ಯಾಕೆ? ಕೃಷ್ಣಾ–ತುಂಗಭದ್ರಾ ನಡುವಿನ ಎಡೆದೊರೆ ನಾಡಿಗಾಗಿ. ಆದರೆ 'ಓಡಿಹೋದ' ಜಯಸಿಂಹ ಆಮೇಲೂ ಸುಮಾರು ಎರಡು ದಶಕ ಆಳಿದ! ಗೆದ್ದವರ ಮಾತಷ್ಟೇ ಕೇಳಿದರೆ ಅರ್ಧ ಕಥೆ.

ಯುದ್ಧದ ಗುರುತು ನನಗೆ ಕಾಣಲಿಲ್ಲ. ಕಂಡದ್ದು ಅದಕ್ಕಿಂತ 1200ಕ್ಕೂ ಹೆಚ್ಚು ವರ್ಷ ಹಳೆಯದಾದ, 1915ರಲ್ಲಿ ಪತ್ತೆಯಾದ ಅಶೋಕನ ಬಂಡೆ ಶಾಸನ. ಕಳಿಂಗ ಗೆದ್ದು ಮರುಗಿದ ದೊರೆ ಇಲ್ಲಿ ಗೆಲುವಿನ ಮಾತೇ ಆಡಿಲ್ಲ. ಧರ್ಮದಲ್ಲಿ ನಡೆದರೆ ಸಣ್ಣವರೂ ಎತ್ತರಕ್ಕೇರಬಹುದು ಅಂದಿದ್ದಾನೆ.

ಇನ್ನು ಲಿಂಗಸುಗೂರು ದಾರಿ. ಮುದಗಲ್ ಕೋಟೆ ಮುಂದಿನ ಕಂತಿನಲ್ಲಿ.